ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕದ ಜನ ಮನಸ್ಸು ಬದಲಿಸಿದ್ದು ಟಿವಿ ನೋಡಿಯಾ?

ಹಳೇಪತ್ರಿಕೆ

ಯುದ್ಧ ಮತ್ತು ಮಾಧ್ಯಮ ಅಂತ ಮಾತು ಶುರುವಾದರೆ ಸಾಕು, ಒಂದು ಕಥೆ ಬಂದೇ ಬರುತ್ತದೆ. 1968ರ ಫೆಬ್ರವರಿ 27ರ ರಾತ್ರಿ ಸಿಬಿಎಸ್ ಟಿವಿಯ ಸುದ್ದಿ ನಿರೂಪಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಗೆಲುವಿನ ಹಾದಿಯಲ್ಲಿಲ್ಲ, ಎಲ್ಲೂ ಹೋಗದೆ ಹೂತುಕೊಂಡಿದೆ ಎಂದರು. ಅದನ್ನು ನೋಡಿದ ಅಧ್ಯಕ್ಷ ಜಾನ್ಸನ್, ಕ್ರಾಂಕೈಟ್ ಕೈಬಿಟ್ಟರೆ ದೇಶವೇ ಕೈಬಿಟ್ಟ ಹಾಗೆ ಎಂದರಂತೆ. ಅಲ್ಲಿಂದ ಜನರ ಮನಸ್ಸು ತಿರುಗಿತಂತೆ.

ನನಗೆ ಈ ಕಥೆ ಒಪ್ಪಿಗೆಯಿಲ್ಲ. ಆ ಹೊತ್ತಿನಲ್ಲಿ ಜಾನ್ಸನ್ ಟಿವಿ ಮುಂದೆ ಇರಲೇ ಇಲ್ಲ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗವರ್ನರ್ ಕಾನಲಿ ಅವರ ಹುಟ್ಟುಹಬ್ಬದ ಕೂಟದಲ್ಲಿದ್ದರು. ಅದಕ್ಕಿಂತ ಮುಖ್ಯವಾದದ್ದು ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆ. ಸೈನ್ಯ ಕಳಿಸಿದ್ದು ತಪ್ಪಾಯಿತಾ ಅಂತ ಅವರು ವರ್ಷಗಟ್ಟಲೆ ಒಂದೇ ಪ್ರಶ್ನೆ ಕೇಳುತ್ತಾ ಬಂದರು. 1965ರ ಆಗಸ್ಟ್‌ನಲ್ಲಿ ಶೇ. 24 ಜನ ತಪ್ಪು ಎಂದರು. 1967ರ ಅಕ್ಟೋಬರ್ ಹೊತ್ತಿಗೆ ಅದು ಶೇ. 47. ತಪ್ಪಲ್ಲ ಎಂದವರು ಶೇ. 44 ಮಾತ್ರ. ಕ್ರಾಂಕೈಟ್ ಮಾತಾಡುವ ನಾಲ್ಕು ತಿಂಗಳ ಮೊದಲೇ ಜನ ಆ ಕಡೆ ವಾಲಿದ್ದರು.

ಈಗ ಕೊರಿಯಾ ಯುದ್ಧ ನೋಡಿ. 1950ರಲ್ಲಿ ಅಮೆರಿಕದಲ್ಲಿ ಟಿವಿ ಇದ್ದದ್ದು ನೂರಕ್ಕೆ ಸುಮಾರು ಒಂಬತ್ತು ಮನೆಗಳಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ಯುದ್ಧ ತಪ್ಪು ಎಂದವರು ಶೇ. 20. ನವೆಂಬರ್‌ನಲ್ಲಿ ಚೀನಾದ ಸೈನ್ಯ ದೊಡ್ಡ ಸಂಖ್ಯೆಯಲ್ಲಿ ನುಗ್ಗಿತು. 1951ರ ಜನವರಿಗೆ ತಪ್ಪು ಎಂದವರು ಶೇ. 49. ಟಿವಿ ಇಲ್ಲದೆಯೇ ಜನ ಬೇಸತ್ತರು, ಅದೂ ಕೆಲವೇ ತಿಂಗಳಲ್ಲಿ! ಜಾನ್ ಮುಲ್ಲರ್ ಎಂಬ ರಾಜಕೀಯ ಶಾಸ್ತ್ರಜ್ಞ 1970ರ ದಶಕದ ಶುರುವಿನಲ್ಲಿ ಎರಡೂ ಯುದ್ಧಗಳ ಅಂಕಿ ಅಂಶ ಅಕ್ಕಪಕ್ಕ ಇಟ್ಟು ನೋಡಿದರು. ಅಮೆರಿಕನ್ ಸೈನಿಕರ ಸಾವುನೋವು ಏರಿದಂತೆ ಬೆಂಬಲ ಇಳಿದಿದೆ, ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ರೀತಿ.

ನನ್ನ ಮಾತು ಇಷ್ಟು. ಅಮೆರಿಕದ ಸಾಮಾನ್ಯ ಜನ ಯುದ್ಧದಿಂದ ದೂರ ಸರಿದದ್ದು ಸಂಪಾದಕೀಯ ಓದಿ ಅಲ್ಲ. ತಮ್ಮ ಊರಿನ ಹುಡುಗನ ಹೆಸರು ತಮ್ಮ ಊರಿನ ಪೇಪರಿನಲ್ಲಿ ಬಂದಾಗ. 1990ರ ದಶಕದಲ್ಲಿ ಕೆಲವರು ಕ್ಯಾಲಿಫೋರ್ನಿಯಾದ ಒಂದೊಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಲೆಕ್ಕ ತೆಗೆದು ನೋಡಿದಾಗಲೂ ಇದೇ ಕಂಡಿತು. ತಮ್ಮ ಕೌಂಟಿಯವರ ಸಾವು ಜನರ ಅಭಿಪ್ರಾಯದ ಮೇಲೆ ಪರಿಣಾಮ ಮಾಡಿತ್ತು. ದೇಶದ ಒಟ್ಟು ಲೆಕ್ಕ ಒಂದರಿಂದಲೇ ಅದನ್ನು ವಿವರಿಸಲು ಆಗುವುದಿಲ್ಲ.

ಬೇರೆ ಯುದ್ಧಗಳ ಬಗ್ಗೆ ತಿಳಿದವರು ಬರೆಯಿರಿ. ಒಪ್ಪದಿದ್ದರೂ ಬರೆಯಿರಿ.

ರಾತ್ರಿಪಾಳಿ

ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿದವನು. ನೀವು ಹೇಳಿದ್ದು ನಮ್ಮ ಅನುಭವಕ್ಕೂ ಸರಿಹೊಂದುತ್ತದೆ. ಏಜೆನ್ಸಿಯಿಂದ ಬಂದ "ನೂರು ಜನ ಸಾವು" ಎಂಬ ಸುದ್ದಿ ಒಳಪುಟಕ್ಕೆ ಹೋಗುತ್ತದೆ. ಅದರಲ್ಲಿ ನಮ್ಮ ಜಿಲ್ಲೆಯವನೊಬ್ಬ ಇದ್ದಾನೆ ಎಂದು ಗೊತ್ತಾದ ಕೂಡಲೇ ಮುಖಪುಟಕ್ಕೆ ಬರುತ್ತದೆ. ಅಮೆರಿಕದಲ್ಲಂತೂ ಎಷ್ಟೋ ಸಣ್ಣ ಪಟ್ಟಣಗಳಿಗೂ ತಮ್ಮದೇ ಪತ್ರಿಕೆ ಇದ್ದ ಕಾಲ ಅದು.

ಈ ಮಾತಿಗೆ ದೊಡ್ಡ ಸಾಕ್ಷಿ ಲೈಫ್ ಪತ್ರಿಕೆಯ 1969ರ ಜೂನ್ 27ರ ಸಂಚಿಕೆ. ಒಂದೇ ವಾರದಲ್ಲಿ ವಿಯೆಟ್ನಾಂನಲ್ಲಿ ಸತ್ತ 242 ಅಮೆರಿಕನ್ನರ ಬಗ್ಗೆ ಒಂದು ಲೇಖನ. ಲೇಖನ ಎನ್ನುವುದಕ್ಕೂ ಆಗುವುದಿಲ್ಲ, ಬರಹ ಇರುವುದೇ ಸ್ವಲ್ಪ. ಪುಟದ ಮೇಲೆ ಪುಟ ಬರೀ ಮುಖಗಳು. ಶಾಲೆಯಲ್ಲಿ ತೆಗೆಸಿದ ಫೋಟೋ, ಸೇನೆಗೆ ಸೇರಿದಾಗ ಸಮವಸ್ತ್ರದಲ್ಲಿ ತೆಗೆಸಿದ ಫೋಟೋ. ಕೆಳಗೆ ಹೆಸರು, ವಯಸ್ಸು, ಹುದ್ದೆ, ಊರು. 19, 20, 21 ವರ್ಷದ ಹುಡುಗರು. ಯಾರನ್ನೂ ಬೈದಿಲ್ಲ, ಯುದ್ಧ ನಿಲ್ಲಿಸಿ ಅಂತ ಘೋಷಣೆ ಇಲ್ಲ. ಲೈಫ್ ಬೀದಿಗಿಳಿದು ಹೋರಾಡುವವರ ಪತ್ರಿಕೆಯೂ ಆಗಿರಲಿಲ್ಲ. ಮಧ್ಯಮ ವರ್ಗದ ಮನೆಗಳ ಹಾಲ್‌ನಲ್ಲಿ ಟೀಪಾಯ್ ಮೇಲೆ ಇರುತ್ತಿದ್ದ ಪತ್ರಿಕೆ. ಅದಕ್ಕೇ ಅದು ಅಷ್ಟು ತಟ್ಟಿತು ಅಂತ ನನ್ನ ನಂಬಿಕೆ.

ತುಂಗಾತೀರ

ಇದು ಪೂರ್ತಿ ಸರಿ ಅನಿಸುವುದಿಲ್ಲ ಸರ್. ಯುದ್ಧ ನಿಲ್ಲಿಸುವುದರಲ್ಲಿ ಪತ್ರಿಕೆಗಳ ಪಾತ್ರ ಕಡಿಮೆ ಎಂದೇ ಇಟ್ಟುಕೊಳ್ಳೋಣ. ಶುರು ಮಾಡುವುದರಲ್ಲಿ? 1898ರ ಸ್ಪೇನ್ ಯುದ್ಧ ಪತ್ರಿಕೆಗಳೇ ಮಾಡಿಸಿದ್ದು ಅಲ್ವಾ? ಫೆಬ್ರವರಿ 15ಕ್ಕೆ, ಆಗ ಸ್ಪೇನ್ ಕೈಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ "ಮೇನ್" ಯುದ್ಧನೌಕೆ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ತನಿಖೆ ಮುಗಿಯುವ ಮೊದಲೇ ಪತ್ರಿಕೆ ಮಾಲೀಕ ಹರ್ಸ್ಟ್‌ರ ನ್ಯೂಯಾರ್ಕ್ ಜರ್ನಲ್ ಇದು ಶತ್ರುವಿನ ಕೆಲಸ ಎಂದು ಬರೆಯಿತು. ತಪ್ಪಿತಸ್ಥರ ಸುಳಿವು ಕೊಟ್ಟವರಿಗೆ 50,000 ಡಾಲರ್ ಬಹುಮಾನ ಅಂತ ಮುಖಪುಟದಲ್ಲಿ ಹಾಕಿತು. ಪುಲಿಟ್ಜರ್‌ರ ವರ್ಲ್ಡ್ ಪತ್ರಿಕೆ ಕೂಡ ಪೈಪೋಟಿಗೆ ಬಿತ್ತು. ಜನ ಬೀದಿಯಲ್ಲಿ "ಮೇನ್ ನೆನಪಿರಲಿ" ಎಂದು ಕೂಗಿದರು. ಏಪ್ರಿಲ್‌ನಲ್ಲಿ ಯುದ್ಧ. 1976ರಲ್ಲಿ ಅಡ್ಮಿರಲ್ ರಿಕೋವರ್ ಮಾಡಿಸಿದ ಅಧ್ಯಯನ ಏನು ಹೇಳಿತು? ಹಡಗಿನ ಒಳಗೇ ಕಲ್ಲಿದ್ದಲಿಗೆ ಬೆಂಕಿ ಬಿದ್ದು, ಪಕ್ಕದ ಮದ್ದು ಸಿಡಿದಿರಬೇಕು ಎಂದು. ಸುಳ್ಳು ಸುದ್ದಿಯ ಮೇಲೆ ಒಂದು ದೇಶ ಯುದ್ಧಕ್ಕೆ ಹೋಯಿತು.

ಹಳೇಪತ್ರಿಕೆ

ತುಂಗಾತೀರ ಅವರೇ, ಹರ್ಸ್ಟ್ ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹೊರಗಿನಿಂದ ಸಿಡಿಮದ್ದು ಇಟ್ಟು ಸಿಡಿಸಿದರು ಎಂದು ಆಗ ಹೇಳಿದ್ದು ಪತ್ರಿಕೆಗಳಷ್ಟೇ ಅಲ್ಲ. ನೌಕಾಪಡೆಯದೇ ತನಿಖಾ ಮಂಡಳಿ ಮಾರ್ಚ್‌ನಲ್ಲಿ ಅದನ್ನೇ ಹೇಳಿತು. ಕ್ಯೂಬಾದಲ್ಲಿ ಸ್ಪೇನ್‌ನ ಜನರಲ್ ವೇಯ್ಲರ್ ಹಳ್ಳಿಯ ಜನರನ್ನು ಹಿಡಿದು ಶಿಬಿರಗಳಿಗೆ ತುಂಬಿದ್ದು, ಅಲ್ಲಿ ಹಸಿವಿಗೂ ರೋಗಕ್ಕೂ ಜನ ಸಾಲುಸಾಲಾಗಿ ಸತ್ತಿದ್ದು ನಿಜ. ಹರ್ಸ್ಟ್ ತಮ್ಮ ಚಿತ್ರಕಾರನಿಗೆ "ನೀನು ಚಿತ್ರ ಕಳಿಸು, ಯುದ್ಧ ನಾನು ಕೊಡುತ್ತೇನೆ" ಎಂದು ತಂತಿ ಕಳಿಸಿದರು ಎಂಬ ಮಾತಿದೆಯಲ್ಲ, ಅದಕ್ಕೆ ಜೇಮ್ಸ್ ಕ್ರೀಲ್‌ಮನ್ ಎಂಬ ವರದಿಗಾರನ ನೆನಪು ಬಿಟ್ಟರೆ ಬೇರೆ ಆಧಾರವಿಲ್ಲ. ಆ ತಂತಿ ಯಾರಿಗೂ ಸಿಕ್ಕಿಲ್ಲ.

ನನಗೆ ಆ ಯುದ್ಧದಲ್ಲಿ ಜಾಸ್ತಿ ಕಾಡುವುದು ಮುಂದಿನ ಭಾಗ. ಗುಂಡಿಗೆ ಸತ್ತ ಅಮೆರಿಕನ್ ಸೈನಿಕರು 400ಕ್ಕಿಂತ ಕಡಿಮೆ. ರೋಗದಿಂದ ಸತ್ತವರು ಅದರ ಹಲವು ಪಟ್ಟು. ಎಷ್ಟೋ ಜನ ಅಮೆರಿಕದ ನೆಲದಲ್ಲೇ, ತರಬೇತಿ ಶಿಬಿರಗಳಲ್ಲಿ, ಟೈಫಾಯ್ಡ್‌ನಿಂದ ಸತ್ತರು. ಯುದ್ಧ ಬೇಕು ಎಂದು ಕುಣಿದ ಪತ್ರಿಕೆಗಳೇ ಆಮೇಲೆ ಕೊಳೆತ ಮಾಂಸ ತಿನ್ನಿಸಿದರು, ಶೌಚದ ವ್ಯವಸ್ಥೆ ಇರಲಿಲ್ಲ ಎಂದು ಸರ್ಕಾರದ ಮೇಲೆ ಬಿದ್ದವು. ಮನೆಯವರ ಸಿಟ್ಟನ್ನು ಪತ್ರಿಕೆ ಹಿಂಬಾಲಿಸಿತು.

ಆಮೇಲೆ ಬಂತು ಫಿಲಿಪ್ಪೀನ್ಸ್. 1898ರ ಡಿಸೆಂಬರ್ ಒಪ್ಪಂದದಲ್ಲಿ ಎರಡು ಕೋಟಿ ಡಾಲರ್ ಕೊಟ್ಟು ಸ್ಪೇನ್‌ನಿಂದ ಆ ದ್ವೀಪಗಳನ್ನು ಪಡೆದರು. ಅಲ್ಲಿನ ಜನ ಸ್ವಾತಂತ್ರ್ಯ ಕೇಳಿದರು. 1899ರಿಂದ 1902ರವರೆಗೆ ಯುದ್ಧ. ಈ ಯುದ್ಧದ ನಿಜ ರೂಪ ಅಮೆರಿಕಕ್ಕೆ ಗೊತ್ತಾದ ಒಂದು ದಾರಿ ಕೇಳಿ. ಸೈನಿಕರು ಅಪ್ಪ ಅಮ್ಮನಿಗೆ ಬರೆದ ಪತ್ರಗಳನ್ನು ಮನೆಯವರು ಹೆಮ್ಮೆಯಿಂದ ಊರಿನ ಪೇಪರಿಗೆ ಕೊಡುತ್ತಿದ್ದರು. ಪೇಪರ್ ಹಾಗೇ ಅಚ್ಚು ಹಾಕುತ್ತಿತ್ತು. ಅದರಲ್ಲಿ ಊರು ಸುಟ್ಟದ್ದು, ಕೈದಿಗಳಿಗೆ ಬಲವಂತವಾಗಿ ನೀರು ಕುಡಿಸಿ ಹಿಂಸೆ ಕೊಟ್ಟದ್ದು ಎಲ್ಲ ಇರುತ್ತಿತ್ತು. ಬಾಸ್ಟನ್‌ನಲ್ಲಿ ಶುರುವಾದ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಇಂಥ ಪತ್ರಗಳನ್ನು ಕೂಡಿಸಿ 1899ರಲ್ಲಿ ಪುಸ್ತಿಕೆ ತಂದಿತು. ಮಾರ್ಕ್ ಟ್ವೈನ್, ಆಂಡ್ರ್ಯೂ ಕಾರ್ನೆಗಿ ಅಂಥವರು ಆ ಸಂಘದಲ್ಲಿದ್ದರು. ಆದರೂ ಯುದ್ಧ ನಿಲ್ಲಲಿಲ್ಲ. 1900ರ ಚುನಾವಣೆಯಲ್ಲಿ ಅಧ್ಯಕ್ಷ ಮೆಕಿನ್ಲಿ ಮತ್ತೆ ಗೆದ್ದರು.

ಕಪ್ಪುಬಿಳುಪು

ಊರಿನ ಪೇಪರಿನಲ್ಲಿ ಹೆಸರು ಬಂದರೆ ಸಾಕು ಎಂಬುದಕ್ಕೆ ನನ್ನ ತಕರಾರು ಇದೆ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹೋಗಿ. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್‌ನಲ್ಲಿ ಒಂದೇ ದಿನ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಬ್ರಾಡಿ ನ್ಯೂಯಾರ್ಕ್‌ನ ತಮ್ಮ ಗ್ಯಾಲರಿಯಲ್ಲಿ ಆ ರಣರಂಗದ ಹೆಣಗಳ ಫೋಟೋ ಇಟ್ಟರು. ತೆಗೆದವರು ಅವರ ಬಳಿ ಕೆಲಸದಲ್ಲಿದ್ದ ಅಲೆಕ್ಸಾಂಡರ್ ಗಾರ್ಡ್ನರ್. ಜನ ಮೆಟ್ಟಿಲು ತುಂಬಾ ಸಾಲು ನಿಂತರು.

ಅದರ ಬಗ್ಗೆ ನ್ಯೂಯಾರ್ಕ್ ಟೈಮ್ಸ್ ಬರೆದದ್ದರ ಸಾರ ಹೀಗಿದೆ. ಸತ್ತವರ ಪಟ್ಟಿಯನ್ನು ನಾವು ದಿನಾ ಬೆಳಗ್ಗೆ ತಿಂಡಿ ಹೊತ್ತಿಗೆ ಓದುತ್ತೇವೆ, ಕಾಫಿ ಮುಗಿಯುವಾಗ ಮರೆತಿರುತ್ತೇವೆ. ಬ್ರಾಡಿ ಹೆಣಗಳನ್ನೇ ತಂದು ನಮ್ಮ ಮನೆ ಅಂಗಳದಲ್ಲಿ ಮಲಗಿಸಿಲ್ಲ ಎನ್ನಬಹುದು, ಆದರೆ ಹೆಚ್ಚು ಕಡಿಮೆ ಅದನ್ನೇ ಮಾಡಿದ್ದಾರೆ.

ಪಟ್ಟಿ ಮರೆತುಹೋಗುತ್ತದೆ, ಚಿತ್ರ ಉಳಿಯುತ್ತದೆ. ಆಗ ಪತ್ರಿಕೆಯಲ್ಲಿ ಫೋಟೋ ಅಚ್ಚು ಹಾಕುವ ತಂತ್ರ ಇರಲಿಲ್ಲ. ಹಾರ್ಪರ್ಸ್ ವೀಕ್ಲಿಯವರು ಫೋಟೋ ನೋಡಿ ಮರದ ಅಚ್ಚಿನಲ್ಲಿ ಕೆತ್ತಿಸಿ ಹಾಕುತ್ತಿದ್ದರು. ಹಳ್ಳಿಯವರು ಕಂಡದ್ದು ಅದನ್ನೇ.

ಇನ್ನೊಂದು ಉದಾಹರಣೆ ಇದಕ್ಕೆ ತಿರುಗುಮುರುಗು. ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕನ್ನರ ಫೋಟೋ ಹಾಕಲು ಸೆನ್ಸಾರ್ ಸುಮಾರು ಎರಡು ವರ್ಷ ಬಿಡಲಿಲ್ಲ. 1943ರ ಸೆಪ್ಟೆಂಬರ್‌ನಲ್ಲಿ ಲೈಫ್ ಪತ್ರಿಕೆ ನ್ಯೂಗಿನಿಯ ಬೂನಾ ಸಮುದ್ರತೀರದಲ್ಲಿ ಬಿದ್ದಿದ್ದ ಮೂವರು ಅಮೆರಿಕನ್ನರ ಫೋಟೋ ಹಾಕಿತು. ಜಾರ್ಜ್ ಸ್ಟ್ರಾಕ್ ತೆಗೆದದ್ದು. ಬಿಡುಗಡೆಗೆ ಒಪ್ಪಿದ್ದು ರೂಸ್‌ವೆಲ್ಟ್ ಸರ್ಕಾರವೇ. ಜನ ಯುದ್ಧ ಗೆದ್ದೇಬಿಟ್ಟೆವು ಎಂದು ಮೈಮರೆಯುತ್ತಿದ್ದಾರೆ, ಗಟ್ಟಿಯಾಗಲಿ ಎಂಬುದು ಅವರ ಲೆಕ್ಕ. ತಮ್ಮವರ ಹೆಣ ಕಂಡರೆ ಜನ ಹಿಂದೆ ಸರಿಯುತ್ತಾರೆ ಎನ್ನುವುದಾದರೆ ಇದು ಹೇಗೆ?

ಹಳೇಪತ್ರಿಕೆ

ಒಳ್ಳೆಯ ಪ್ರಶ್ನೆ. ಯಾಕಾಗಿ ಸತ್ತರು ಎಂಬುದಕ್ಕೆ ಜನರ ಬಳಿ ಉತ್ತರ ಇದ್ದರೆ ಫೋಟೋ ಅವರನ್ನು ಗಟ್ಟಿ ಮಾಡುತ್ತದೆ. ಪರ್ಲ್ ಹಾರ್ಬರ್ ಆದಮೇಲೆ ಆ ಉತ್ತರ ಮನೆಮನೆಯಲ್ಲೂ ಇತ್ತು. 1969ರಲ್ಲಿ ಲೈಫ್ ಮುಖಗಳನ್ನು ಹಾಕುವ ಹೊತ್ತಿಗೆ ಸರ್ಕಾರವೇ ಸೈನ್ಯ ವಾಪಸ್ ಕರೆಸುವ ಮಾತಾಡುತ್ತಿತ್ತು. ಹಾಗಾದರೆ ಇವರು ಯಾಕೆ ಸತ್ತರು? ಆ 242 ಮನೆಯವರಿಗೆ ಯಾರು ಏನು ಹೇಳಬಲ್ಲರು?

ಓದುಗ_ಕಲಬುರಗಿ

"ಜನ" ಎಂದು ಒಟ್ಟಾಗಿ ಹೇಳುತ್ತಿದ್ದೀರಿ. ಯಾವ ಜನ? ಎರಡನೇ ಮಹಾಯುದ್ಧವನ್ನು ಕಪ್ಪು ಜನ ಬೇರೆಯಾಗೇ ನೋಡಿದರು. 1942ರ ಜನವರಿ 31ರ ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಯಲ್ಲಿ ಒಂದು ಓದುಗರ ಪತ್ರ ಬಂತು. ಬರೆದವರು ಕಾನ್ಸಸ್‌ನ ವಿಚಿಟಾ ಊರಿನ ಜೇಮ್ಸ್ ಥಾಂಪ್ಸನ್, ವಿಮಾನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ 26ರ ಯುವಕ. ಅರ್ಧ ಅಮೆರಿಕನ್ ಆಗಿ ಬದುಕಲು ನಾನು ಪ್ರಾಣ ಕೊಡಬೇಕೇ ಎಂದು ಕೇಳಿದರು. ಹೊರಗಿನ ಶತ್ರುವಿನ ಮೇಲೆ ಒಂದು ಗೆಲುವು, ಒಳಗಿನ ವರ್ಣಭೇದದ ಮೇಲೆ ಇನ್ನೊಂದು ಗೆಲುವು, ಎರಡೂ ಬೇಕು ಎಂದರು. ಮುಂದಿನ ವಾರವೇ ಪತ್ರಿಕೆ "ಡಬಲ್ ವಿ" ಆಂದೋಲನ ಶುರು ಮಾಡಿತು. ಬೇರೆ ಕಪ್ಪು ಪತ್ರಿಕೆಗಳೂ ಎತ್ತಿಕೊಂಡವು.

ಇವರು ಯುದ್ಧ ಬೇಡ ಎಂದವರಲ್ಲ. ಆದರೂ ಎಫ್‌ಬಿಐನ ಎಡ್ಗರ್ ಹೂವರ್‌ಗೆ ಈ ಪತ್ರಿಕೆಗಳ ಮೇಲೆ ರಾಜದ್ರೋಹದ ಕೇಸು ಹಾಕಬೇಕಿತ್ತು. ಅಟಾರ್ನಿ ಜನರಲ್ ಬಿಡಲ್ ಒಪ್ಪಲಿಲ್ಲ. ಸೇನೆಯಲ್ಲಿ ಬಣ್ಣ ನೋಡಿ ಬೇರೆ ಇಡುವುದನ್ನು ನಿಲ್ಲಿಸಿ ಎಂಬ ಆದೇಶಕ್ಕೆ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈನಲ್ಲಿ. ಒಂದು ಓದುಗರ ಪತ್ರಕ್ಕೆ ಎಷ್ಟು ಶಕ್ತಿ ಇರಬಹುದು ಎಂದು ಕೇಳುವವರಿಗೆ ನಾನು ಇದನ್ನೇ ತೋರಿಸುವುದು.

ಮಾತುಗಾತಿ

ಮೊದಲ ಮಹಾಯುದ್ಧದ ಬಗ್ಗೆ ಯಾರೂ ಬರೆದಿಲ್ಲ, ಸ್ವಲ್ಪ ಸೇರಿಸುತ್ತೇನೆ. "ಯುದ್ಧದಿಂದ ದೂರ ಇಟ್ಟವರು" ಎಂಬ ಘೋಷಣೆಯಲ್ಲಿ ಅಧ್ಯಕ್ಷ ವಿಲ್ಸನ್ 1916ರಲ್ಲಿ ಮತ್ತೆ ಗೆದ್ದರು. 1917ರ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಇಳಿದರು. ಜನರ ಮನಸ್ಸು ತಿರುಗಿಸಲು ಜಾರ್ಜ್ ಕ್ರೀಲ್ ಎಂಬ ಪತ್ರಕರ್ತರ ಕೈಗೆ ಒಂದು ಇಲಾಖೆಯನ್ನೇ ಕೊಟ್ಟರು. ಸುಮಾರು 75,000 ಸ್ವಯಂಸೇವಕರು ಸಿನಿಮಾ ಮಂದಿರಗಳಲ್ಲಿ ರೀಲು ಬದಲಿಸುವ ಹೊತ್ತಿನಲ್ಲಿ ಎದ್ದು ನಿಂತು ನಾಲ್ಕು ನಿಮಿಷ ಭಾಷಣ ಮಾಡುತ್ತಿದ್ದರು.

ಅಯೋವಾ ರಾಜ್ಯದ ಗವರ್ನರ್ 1918ರ ಮೇ ತಿಂಗಳಲ್ಲಿ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ, ಬೀದಿಯಲ್ಲಿ, ರೈಲಿನಲ್ಲಿ, ಫೋನಿನಲ್ಲಿ, ಚರ್ಚಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ! ಇಂಗ್ಲಿಷ್ ಬಾರದ ಅಜ್ಜಿಯರು ಏನು ಮಾಡಿರಬೇಕು ಯೋಚಿಸಿ. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಜರ್ಮನ್ ಭಾಷೆಯ ಪತ್ರಿಕೆಗಳು ಸಾಲಾಗಿ ಮುಚ್ಚಿದವು.

ಎದುರು ಮಾತಾಡಿದವರಿಗೆ ಜೈಲು. ಸಮಾಜವಾದಿ ಯೂಜೀನ್ ಡೆಬ್ಸ್ 1918ರ ಜೂನ್‌ನಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಒಂದು ಭಾಷಣ ಮಾಡಿದರು, ಹತ್ತು ವರ್ಷ ಶಿಕ್ಷೆಯಾಯಿತು. 1920ರಲ್ಲಿ ಅಟ್ಲಾಂಟಾ ಜೈಲಿನಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಅವರಿಗೆ ಮತ ಹಾಕಿದರು. ಆ ಯುದ್ಧದ ಬಗ್ಗೆ ಬಾಯಿಬಿಡಲು ಆಗದವರ ಲೆಕ್ಕ ಯಾವ ಪತ್ರಿಕೆಯಲ್ಲೂ ಸಿಗುವುದಿಲ್ಲ, ಆ ಮತಗಳಲ್ಲಿ ಸ್ವಲ್ಪ ಸಿಗುತ್ತದೆ.

ಗಣಿತಮೇಷ್ಟ್ರು

ಹಳೇಪತ್ರಿಕೆ ಅವರ ವಾದ ಒಪ್ಪಿದರೆ ಒಂದು ಕಹಿ ಮಾತನ್ನೂ ಒಪ್ಪಬೇಕಾಗುತ್ತದೆ. ತಮ್ಮವರ ಸಾವು ಮಾತ್ರ ಜನರನ್ನು ಅಲುಗಿಸಿತು, ಎದುರಿನವರ ಸಾವು ಅಲುಗಿಸಲಿಲ್ಲ. ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಏನಾಯಿತು? 1968ರ ಮಾರ್ಚ್ 16ರಂದು ಅಮೆರಿಕನ್ ಸೈನಿಕರು ನೂರಾರು ಹಳ್ಳಿಗರನ್ನು ಕೊಂದರು. ಹೆಂಗಸರು, ಮುದುಕರು, ಕೈಗೂಸುಗಳು. 1969ರ ನವೆಂಬರ್‌ನಲ್ಲಿ ಪತ್ರಕರ್ತ ಸೆಮೂರ್ ಹರ್ಶ್ ಅದನ್ನು ಬರೆದರು. ಸೇನೆಯ ಫೋಟೋಗ್ರಾಫರ್ ಹೇಬರ್ಲಿ ತೆಗೆದ ಚಿತ್ರಗಳನ್ನು ಕ್ಲೀವ್‌ಲ್ಯಾಂಡ್‌ನ ಪ್ಲೇನ್ ಡೀಲರ್ ಪತ್ರಿಕೆ ನವೆಂಬರ್ 20ಕ್ಕೆ ಹಾಕಿತು. ಇಡೀ ಜಗತ್ತು ನೋಡಿತು. ಅಮೆರಿಕದ ಜನ ಏನೆಂದರು?

ಹಳೇಪತ್ರಿಕೆ

ಮೇಷ್ಟ್ರೇ, ಅದೇ ನನ್ನನ್ನು ಬಹಳ ನೋಯಿಸುವ ಭಾಗ. 1971ರ ಮಾರ್ಚ್ 29ರಂದು, ಆ ಹಳ್ಳಿಯಲ್ಲಿ ಕೊಂದ ಲೆಫ್ಟಿನೆಂಟ್ ಕ್ಯಾಲಿ 22 ಕೊಲೆಗಳ ಅಪರಾಧಿ ಎಂದು ತೀರ್ಪಾಯಿತು. ಗ್ಯಾಲಪ್ ಕೇಳಿದಾಗ ಶೇ. 79 ಜನ ತೀರ್ಪನ್ನು ಒಪ್ಪಲಿಲ್ಲ. ಶ್ವೇತಭವನಕ್ಕೆ ತಂತಿಗಳ ಮಳೆ. ಕ್ಯಾಲಿಯನ್ನು ಹೊಗಳುವ ಒಂದು ಹಾಡಿನ ರೆಕಾರ್ಡ್ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅಧ್ಯಕ್ಷ ನಿಕ್ಸನ್ ಅವನನ್ನು ಜೈಲಿನಿಂದ ತೆಗೆಸಿ ಗೃಹಬಂಧನಕ್ಕೆ ಹಾಕಿಸಿದರು. ಒಪ್ಪದವರಲ್ಲಿ ಎಲ್ಲರೂ ಕೊಲೆಯನ್ನು ಸರಿ ಎಂದವರಲ್ಲ. ಮೇಲಿನ ಅಧಿಕಾರಿಗಳನ್ನು ಬಿಟ್ಟು ಇವನೊಬ್ಬನನ್ನೇ ಬಲಿ ಕೊಡುತ್ತಿದ್ದೀರಿ ಎಂದವರು ಬಹಳ ಜನ. ಆದರೂ ಆ ಹಳ್ಳಿಯ ಹೆಸರು ಹಿಡಿದು ಅತ್ತವರು ಎಷ್ಟು?

ಇದೇ ಜನ ಯುದ್ಧ ತಪ್ಪು ಎಂದೂ ಹೇಳುತ್ತಿದ್ದರು ಎಂಬುದನ್ನು ಮರೆಯಬೇಡಿ. ಯುದ್ಧ ಬೇಡ, ಯುದ್ಧ ವಿರೋಧಿಗಳೂ ಬೇಡ ಎಂಬ ಮನೆಗಳು ಲಕ್ಷಾಂತರ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತಾಗಲೂ ಶೇ. 58 ಜನ ತಪ್ಪು ವಿದ್ಯಾರ್ಥಿಗಳದ್ದೇ ಎಂದರು. ಕಾಲೇಜು ಓದಿದವರು ಯುದ್ಧ ವಿರೋಧಿಸಿದರು, ಕೂಲಿ ಕಾರ್ಮಿಕರು ಬೆಂಬಲಿಸಿದರು ಎಂಬುದೂ ಅರ್ಧ ಸತ್ಯ. ಸಮೀಕ್ಷೆಗಳಲ್ಲಿ ಶುರುವಿನಿಂದ ಯುದ್ಧದ ಬಗ್ಗೆ ಜಾಸ್ತಿ ಅನುಮಾನ ಇದ್ದದ್ದು ಕಡಿಮೆ ಓದಿದವರಲ್ಲಿ, ಕಪ್ಪು ಜನರಲ್ಲಿ, ಹೆಂಗಸರಲ್ಲಿ. ಡ್ರಾಫ್ಟ್ ಚೀಟಿ, ಅಂದರೆ ಕಡ್ಡಾಯವಾಗಿ ಸೇನೆಗೆ ಬನ್ನಿ ಎಂಬ ಕರೆ, ಯಾವ ಮನೆಗೆ ಬರುತ್ತದೆ ಎಂದು ಗೊತ್ತಿದ್ದವರು ಅವರೇ. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಇತ್ತು.

ಮೈಸೂರುಪಾಕ್72

ಎಲ್ಲ ಸರಿ, 1971ರಲ್ಲಿ ಎಂಟರ್‌ಪ್ರೈಸ್ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿ ನಮ್ಮನ್ನೇ ಹೆದರಿಸಿದರಲ್ಲ, ಅದನ್ನು ಅಲ್ಲಿನ ಜನ ಹೇಗೆ ನೋಡಿದರು?

ಮಾತುಗಾತಿ

ಅಲ್ಲೂ ಸರ್ಕಾರ ಒಂದು ಕಡೆ, ಎಷ್ಟೋ ಜನ ಇನ್ನೊಂದು ಕಡೆ ಇದ್ದರು ಸರ್. ಅದೇ ವರ್ಷ ಜುಲೈನಲ್ಲಿ ಬಾಲ್ಟಿಮೋರ್ ಬಂದರಿಗೆ ಪಾಕಿಸ್ತಾನದ "ಪದ್ಮಾ" ಹಡಗು ಬಂದಾಗ ಯುದ್ಧ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಇತರರೂ ಸಣ್ಣ ಸಣ್ಣ ದೋಣಿಗಳಲ್ಲಿ ಹೋಗಿ ಅಡ್ಡ ನಿಂತರು. ಆಗಸ್ಟ್ 1ಕ್ಕೆ ನ್ಯೂಯಾರ್ಕ್‌ನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ಮಾಡಿದರು. ಆದರೆ ಅದು ಅವರದೇ ಹುಡುಗರು ಹೋದ ಯುದ್ಧ ಅಲ್ಲ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಜೆರ್ಸಿ_ಅಕ್ಕ

ನಾನು 2001ರಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಸೆಪ್ಟೆಂಬರ್ 11 ಆದಮೇಲೆ ನಮ್ಮ ಬೀದಿಯಲ್ಲಿ ಮನೆಮನೆಗೂ ಬಾವುಟ ಬಂತು. ನಾವೂ ಕಟ್ಟಿದೆವು. ದುಃಖವೂ ಇತ್ತು, ಭಯವೂ ಇತ್ತು. ನಾಲ್ಕು ದಿನ ಕಳೆಯುವುದರಲ್ಲಿ ಅರಿಝೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಸಿಖ್ಖರೊಬ್ಬರನ್ನು ಪೇಟ ನೋಡಿ ಗುಂಡಿಟ್ಟು ಕೊಂದರು. ನಮ್ಮ ಕನ್ನಡದವರ ಮನೆಗಳಲ್ಲಿ ಗಂಡಸರಿಗೆ ಗಡ್ಡ ಬೋಳಿಸಿಕೊಳ್ಳಿ, ರಾತ್ರಿ ಸುಮ್ನೆ ತಿರುಗಬೇಡಿ ಎಂದು ಹೇಳುತ್ತಿದ್ದೆವು.

2003ರಲ್ಲಿ ಇರಾಕ್ ಯುದ್ಧ ಶುರುವಾದಾಗ ಗ್ಯಾಲಪ್ ಪ್ರಕಾರ ಶೇ. 72 ಜನ ಬೆಂಬಲಿಸಿದರು. ಟಿವಿಯಲ್ಲಿ ಎದುರು ದನಿ ಬಹಳ ಕಡಿಮೆ. ಫ್ರಾನ್ಸ್ ಒಪ್ಪಲಿಲ್ಲ ಎಂದು ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಹೆಸರನ್ನೇ ಬದಲಿಸಿದರು. ಆ ವರ್ಷ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆ ಮಾಡಿದಾಗ ಶೇ. 69 ಜನ ಸೆಪ್ಟೆಂಬರ್ 11ರಲ್ಲಿ ಸದ್ದಾಂ ಕೈವಾಡ ಇರಬಹುದು ಎಂದರು. ಯಾವ ಆಧಾರವೂ ಇಲ್ಲದ ಮಾತನ್ನು ಅಷ್ಟು ಜನ ನಂಬಿದ್ದರು. ಪಕ್ಕದ ಮನೆಯವರು, ಆಫೀಸಿನವರು, ಒಳ್ಳೆಯ ಜನ, ಅವರೇ.

ರಾತ್ರಿಪಾಳಿ

ಅಕ್ಕ, ಆ ಕಾಲದಲ್ಲಿ ಒಂದು ಸಂಸ್ಥೆ ಸರಿಯಾಗಿ ಬರೆದಿತ್ತು, ಅದನ್ನು ಹೇಳಲೇಬೇಕು. ನೈಟ್ ರಿಡರ್ ಎಂಬ ಪತ್ರಿಕಾ ಬಳಗದ ವಾಷಿಂಗ್ಟನ್ ಕಚೇರಿ. ಜೊನಾಥನ್ ಲ್ಯಾಂಡೇ, ವಾರನ್ ಸ್ಟ್ರೋಬೆಲ್ ಎಂಬ ಇಬ್ಬರು ವರದಿಗಾರರು ಯುದ್ಧಕ್ಕೂ ಮೊದಲೇ ಸರ್ಕಾರದ ಆರೋಪಗಳಿಗೆ ಆಧಾರ ತೆಳುವಾಗಿದೆ ಎಂದು ಬರೆದರು. ಅವರು ಮಂತ್ರಿಗಳ ಹಿಂದೆ ಹೋಗಲಿಲ್ಲ, ಕೆಳಹಂತದ ಗುಪ್ತಚರ ಅಧಿಕಾರಿಗಳನ್ನು ಕೇಳಿದರು. ಆ ಬಳಗದ್ದು ಊರಿನ ಪತ್ರಿಕೆಗಳು. ಒಂದು ಪತ್ರಿಕೆ ಜಾರ್ಜಿಯಾದ ಕೊಲಂಬಸ್‌ನಲ್ಲಿತ್ತು, ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯ ಪಕ್ಕದಲ್ಲೇ. ಬೇರೆಯವರ ಮಕ್ಕಳನ್ನು ಯುದ್ಧಕ್ಕೆ ಕಳಿಸುವವರು ನಮ್ಮ ಓದುಗರಲ್ಲ, ಯುದ್ಧಕ್ಕೆ ಹೋಗುವ ಮಕ್ಕಳ ಮನೆಯವರು ನಮ್ಮ ಓದುಗರು ಎಂಬುದು ಅವರ ಸಂಪಾದಕ ಜಾನ್ ವಾಲ್ಕಾಟ್ ಅವರ ನಿಲುವು. ನ್ಯೂಯಾರ್ಕ್ ಟೈಮ್ಸ್ ತನ್ನ ಇರಾಕ್ ವರದಿಗಳು ಸಾಕಷ್ಟು ಬಿಗಿಯಾಗಿರಲಿಲ್ಲ ಎಂದು ಓದುಗರಿಗೆ ಹೇಳಿದ್ದು 2004ರ ಮೇ ತಿಂಗಳಲ್ಲಿ.

ಸರ್ಕಾರಗಳೂ ವಿಯೆಟ್ನಾಂನಿಂದ ಪಾಠ ಕಲಿತಿದ್ದವು. 1973ರಲ್ಲಿ ಡ್ರಾಫ್ಟ್ ನಿಂತಿತು. ಆಮೇಲೆ ಸೇನೆಯಲ್ಲಿರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. 1991ರಿಂದ ಡೆಲವೇರ್‌ನ ಡೋವರ್ ವಾಯುನೆಲೆಗೆ ಬರುವ ಶವಪೆಟ್ಟಿಗೆಗಳ ಫೋಟೋ ತೆಗೆಯಲು ಪತ್ರಿಕೆಗಳಿಗೆ ನಿಷೇಧ. 2004ರ ಏಪ್ರಿಲ್‌ನಲ್ಲಿ ಕುವೈತಿನಲ್ಲಿ ವಿಮಾನದೊಳಗೆ ಸಾಲಾಗಿ ಇಟ್ಟ ಪೆಟ್ಟಿಗೆಗಳ ಫೋಟೋವನ್ನು ಸಿಯಾಟಲ್ ಟೈಮ್ಸ್ ಮುಖಪುಟದಲ್ಲಿ ಹಾಕಿತು. ಅದನ್ನು ತೆಗೆದಿದ್ದು ಗುತ್ತಿಗೆ ಕಂಪನಿಯ ಒಬ್ಬ ನೌಕರೆ. ಅವರ ಕೆಲಸ ಹೋಯಿತು. ಅದೇ ತಿಂಗಳು 30ಕ್ಕೆ ಎಬಿಸಿ ಟಿವಿಯಲ್ಲಿ ಟೆಡ್ ಕಾಪೆಲ್ ಇರಾಕ್‌ನಲ್ಲಿ ಸತ್ತ 700ಕ್ಕೂ ಹೆಚ್ಚು ಸೈನಿಕರ ಹೆಸರು ಓದಿ ಮುಖ ತೋರಿಸಿದರು. ಸಿಂಕ್ಲೇರ್ ಎಂಬ ಟಿವಿ ಬಳಗ ತನ್ನ ಕೈಯಲ್ಲಿದ್ದ ಎಬಿಸಿ ಕೇಂದ್ರಗಳಲ್ಲಿ ಅದನ್ನು ಹಾಕಲೇ ಇಲ್ಲ. ಹೆಸರು ಮತ್ತು ಮುಖಕ್ಕೆ ಇಷ್ಟು ಹೆದರುತ್ತಾರೆ ಎಂದರೆ ಹಳೇಪತ್ರಿಕೆ ಅವರ ಮಾತಿನಲ್ಲಿ ಹುರುಳಿದೆ. ಡೋವರ್ ನಿಷೇಧ ತೆಗೆದಿದ್ದು 2009ರಲ್ಲಿ, ಮನೆಯವರು ಒಪ್ಪಿದರೆ ಮಾತ್ರ ಎಂಬ ಷರತ್ತಿನೊಂದಿಗೆ.

ಜೆರ್ಸಿ_ಅಕ್ಕ

ಹೌದು, ಅಫ್ಘಾನಿಸ್ತಾನದಲ್ಲಿ 20 ವರ್ಷ ಯುದ್ಧ ನಡೆಯಿತು. ಆ 20 ವರ್ಷದಲ್ಲಿ ನನ್ನ ಪರಿಚಯದವರ ಮನೆಯಿಂದ ಒಬ್ಬರೂ ಹೋಗಲಿಲ್ಲ. ಊಟಕ್ಕೆ ಕೂತಾಗ ಯಾರೂ ಆ ಯುದ್ಧದ ಮಾತೆತ್ತಿದ್ದು ನನಗೆ ನೆನಪಿಲ್ಲ.

ತುಂಗಾತೀರ

ಫಿಲಿಪ್ಪೀನ್ಸ್ ಕಾಲದ ಸೈನಿಕರ ಪತ್ರಗಳನ್ನು ನಾನೇ ಓದಬೇಕು ಅನಿಸಿದೆ. ಎಲ್ಲಾದರೂ ಸಿಗುತ್ತವಾ?

ಹಳೇಪತ್ರಿಕೆ

ಸಿಗುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು "ಕ್ರಾನಿಕ್ಲಿಂಗ್ ಅಮೆರಿಕ" ಎಂಬ ಹೆಸರಿನಲ್ಲಿ ಹಳೆಯ ಊರ ಪತ್ರಿಕೆಗಳ ಪುಟಗಳನ್ನು ಪುಕ್ಕಟೆಯಾಗಿ ಇಟ್ಟಿದ್ದಾರೆ. ರಾಜ್ಯ ಮತ್ತು ವರ್ಷ ಆರಿಸಿಕೊಂಡು ಹುಡುಕಬಹುದು. 1899 ಹಾಕಿ, ನೆಬ್ರಾಸ್ಕಾ, ಕಾನ್ಸಸ್ ಪತ್ರಿಕೆಗಳಿಂದ ಶುರು ಮಾಡಿ, ಆ ರಾಜ್ಯಗಳ ಸ್ವಯಂಸೇವಕ ದಳಗಳು ಅಲ್ಲಿಗೆ ಹೋಗಿದ್ದವು. ಲೈಫ್‌ನ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿವೆ. 1969ರ ಜೂನ್ 27ರ ಸಂಚಿಕೆಯನ್ನೂ ನೋಡಿ. ಕೆಟ್ಟ ಸ್ಕ್ಯಾನ್, ಆದರೂ ಊರುಗಳ ಹೆಸರು ಓದಲು ಆಗುತ್ತದೆ.